ನಿಂಬೆರಸ, ಸೋಡಾ ಉಜ್ಜಿದರೆ ಹಲ್ಲಿನ ಕಿಟ್ಟ ಹೋಗುವುದಿಲ್ಲ

ಡೊಂಬಿವಲಿ, ಮಾಟುಂಗಾ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಉಜ್ಜಿ, ಕಿಟ್ಟ ಉದುರುತ್ತದೆ. ಡೆಂಟಿಸ್ಟ್ ಹತ್ತಿರ ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ.’ ಎರಡೂ ತಪ್ಪು.

ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪದರ ಪ್ಲಾಕ್. ಅದು ಬ್ರಷ್‌ಗೆ ಹೋಗುತ್ತದೆ. ಹಾಗೇ ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಅದೇ ಕಿಟ್ಟ, ಅಂದರೆ ಟಾರ್ಟರ್. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ನಾಲಿಗೆ ಆಡಿಸಿ ನೋಡಿ. ಗರಗರ ಅಂದರೆ ಬಹುಶಃ ಅದೇ. ಜೊಲ್ಲಿನ ನಾಳಗಳು ಅಲ್ಲೇ ತೆರೆಯುತ್ತವೆ, ಹಾಗಾಗಿ ಅಲ್ಲಿ ಜಾಸ್ತಿ. ಇದು ಮನೆಮದ್ದಿಗೆ ಬಗ್ಗುವುದಿಲ್ಲ. ನಿಂಬೆಯ ಹುಳಿ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು ಸವೆಸುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಸ್ಕೇಲಿಂಗ್, ಅಂದರೆ ಡೆಂಟಿಸ್ಟ್ ಕಿಟ್ಟ ತೆಗೆಯುವುದು, ಹಲ್ಲನ್ನು ಸಡಿಲ ಮಾಡುವುದಿಲ್ಲ. ಕಿಟ್ಟ ತುಂಬಿದ್ದ ಸಂದು ಖಾಲಿಯಾದಾಗ ಹಾಗನ್ನಿಸುತ್ತದೆ, ಅಷ್ಟೇ. ಒಸಡು ಹಾಳಾಗಿ ಹಲ್ಲು ಅಲುಗಾಡುವುದು ಕಿಟ್ಟವನ್ನು ವರ್ಷಗಟ್ಟಲೆ ಬಿಟ್ಟಾಗಲೇ ಜಾಸ್ತಿ.

ದಿನಕ್ಕೆ 2 ಸಲ, 2 ನಿಮಿಷ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ಸಂದುಗಳನ್ನೂ ಬಿಡಬೇಡಿ. ಕಿಟ್ಟ ತೆಗೆಸುವ ಖರ್ಚಿನ ಚಿಂತೆಯಿದ್ದರೆ ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಕಾಲೇಜು ಇದೆ.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.