ಅಟ್ಟ ಸೇರಿದ ಬೆತ್ತದ ಕುರ್ಚಿ

ಬೆತ್ತದ ಕುರ್ಚಿಗೆ ತೂತು ಬಿದ್ದ ಕೂಡಲೇ ಯಾರೂ ಅದನ್ನು ಆಚೆ ಹಾಕುವುದಿಲ್ಲ. ಮೊದಲು ತೂತಿನ ಮೇಲೊಂದು ದಿಂಬು ಬರುತ್ತದೆ, ಆಮೇಲೆ ದಿಂಬಿನಡಿ ಪ್ಲೈವುಡ್ ತುಂಡು. ಕಾಲು ಅಲ್ಲಾಡತೊಡಗಿದರೆ ಒಗೆದ ಬಟ್ಟೆ ಪೇರಿಸುವ ಜಾಗ. ಕೊನೆಗೆ ಅಟ್ಟಕ್ಕೋ ಗುಜರಿಗೋ ಬಡ್ತಿ.

ಅದನ್ನು ಇಳಿಸಿ ತಂದವರಿಗೆ ಮೊದಲು ಬರುವ ಆಸೆ ಬಣ್ಣ ಬಳಿಯುವುದು. ತಡೆದುಕೊಳ್ಳಿ. ಬೋರಲು ಹಾಕಿ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಒಳಗಿರಬಹುದು. ತೇಗದ ಕಂದು ತಿರುಳಿನ ತಂಟೆಗೆ ಅದು ಸಾಮಾನ್ಯವಾಗಿ ಹೋಗದು. ಮರ ಉಳಿಸಲು ಸೇರಿಸಿದ ಬಿಳಿ ಅಂಚನ್ನೇ ಹುಡುಕಿ ತಿನ್ನುತ್ತದೆ. ಔಷಧವನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಡಬೇಕು, ಮೇಲೆ ಸವರಿದರೆ ಸಾಲದು.

ಅಲ್ಲಾಡುವ ಕಾಲಿಗೆ ಮೊಳೆ ಹೊಡೆಯುವುದು ಶುದ್ಧ ದ್ರೋಹ. ತೂತಿನೊಳಗೆ ಕೂತ ಮರದ ನಾಲಿಗೆ ಸೀಳಿಹೋಗುತ್ತದೆ. ಜೋಡಣೆ ಬಿಚ್ಚಿ, ಹಳೆಯ ಗೋಂದನ್ನು ಉಳಿಯಿಂದ ಪೂರ್ತಿ ಕೆರೆಯಿರಿ. ಫೆವಿಕಾಲ್ ಬರಿಯ ಮರಕ್ಕೆ ಇಳಿದು ಹಿಡಿಯುವಂಥದ್ದು, ಹಳೆ ಗೋಂದಿನ ಮೇಲೆ ನಿಲ್ಲುವುದಿಲ್ಲ. ಕ್ಲ್ಯಾಂಪ್ ಇಲ್ಲವೇ? ಕಾಲುಗಳಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿ ಮಾಡಿ, 24 ಗಂಟೆ ಬಿಡಿ. ನೆಲ ಸಮತಟ್ಟಾಗಿರಲಿ, ಇಲ್ಲವಾದರೆ ಸೊಟ್ಟಗೆ ನಿಂತ ಕುರ್ಚಿ ಸೊಟ್ಟಗೇ ಒಣಗುತ್ತದೆ.

ಪಾಲಿಶ್ ಮುಗಿದ ಮೇಲೇ ಬೆತ್ತ. 120, ಆಮೇಲೆ 220ರ ಉಪ್ಪು ಕಾಗದದಿಂದ ಮರದ ಎಳೆಯ ಉದ್ದಕ್ಕೇ ಉಜ್ಜಿ. ಒಂದು ಲೀಟರ್ ಸ್ಪಿರಿಟ್ಟಿಗೆ 125 ಗ್ರಾಂ ಅರಗಿನ ಚಕ್ಕೆ ರಾತ್ರಿಯಿಡೀ ನೆನೆಸಿ, ಸೋಸಿ, ತೆಳ್ಳಗೆ ಹಲವು ಕೈ ಹಚ್ಚಿ. ಮಳೆ ಹಿಡಿದ ದಿನ ಬೇಡ, ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ. ಬಿಸಿ ಕಾಫಿ ಲೋಟವೂ ತೋಳಿನ ಮೇಲೆ ಬಿಳಿ ಉಂಗುರ ಬಿಡುತ್ತದೆ. ಸ್ಪಿರಿಟ್ ಸೋಂಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಬಹುತೇಕ ಹೋಗುತ್ತದೆ.

ಇನ್ನು ಹೆಣಿಗೆ. ಪೀಠದ ಚೌಕಟ್ಟಿನಲ್ಲಿ ಬೆತ್ತ ತೂರಿಸುವ ತೂತಿನಿಂದ ತೂತಿಗೆ ಅರ್ಧ ಇಂಚಿದ್ದರೆ 2.25 ಮಿ.ಮೀ. ಅಗಲದ ಬೆತ್ತದ ಪಟ್ಟಿ, ಮುಕ್ಕಾಲು ಇಂಚಿದ್ದರೆ 3 ಮಿ.ಮೀ. ಉಗುರು ಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ನೆನೆದರೆ ಸಾಕು. ಹೆಚ್ಚಾದರೆ ಬಣ್ಣ ಕೆಡುತ್ತದೆ. ಹೊಳೆಯುವ ಮೈ ಮೇಲಿರಲಿ. ಪೀಠದ ಮುಂಬದಿ ಅಗಲವಾಗಿರುವುದರಿಂದ ನಡುವಿನ ತೂತಿನಿಂದಲೇ ಶುರು ಮಾಡಬೇಕು. ಮೊದಲು ಹಿಂದು-ಮುಂದು ಒಂದು ಸಾಲು, ಅದರ ಮೇಲೆ ಅಡ್ಡ ಒಂದು, ಮತ್ತೆ ಹಿಂದು-ಮುಂದು. ಇಲ್ಲಿಯವರೆಗೆ ಹೆಣೆಯುವುದೇನೂ ಇಲ್ಲ, ಬರೀ ಹಾಸುವುದು. ನಾಲ್ಕನೆಯದರಲ್ಲಿ ಹೆಣಿಗೆ ಶುರು: ಮೂರನೆಯ ಸಾಲಿನ ಮೇಲೆ, ಮೊದಲನೆಯದರ ಕೆಳಗೆ. ಆಮೇಲೆ ಎರಡು ಓರೆ ಸಾಲು. ಒಂದು ಓರೆ ಉದ್ದದ ಜೋಡಿಗಳ ಮೇಲೆ ಹಾಯ್ದು ಅಡ್ಡ ಜೋಡಿಗಳ ಕೆಳಗೆ ನುಸುಳಿದರೆ, ಇನ್ನೊಂದು ಅದಕ್ಕೆ ಉಲ್ಟಾ. ಇದು ಅದಲುಬದಲಾದರೆ ಪಟ್ಟಿ ಜೋಡಿಗಳ ಸಂದಿಗೆ ಜಾರಿ ಕೂರದೆ, ಅಂಚಿಗೆ ಉಜ್ಜಿ ಉಜ್ಜಿ ತುಂಡಾಗುತ್ತದೆ. ಎಳೆದು ಬಿಗಿಯುವ ಹುಮ್ಮಸ್ಸೂ ಬೇಡ. ಒದ್ದೆ ಬೆತ್ತ ಒಣಗುತ್ತಾ ತಾನೇ ಬಿಗಿಯುತ್ತದೆ, ಮೊದಲೇ ಬಿಗಿದದ್ದು ಸಿಡಿಯುತ್ತದೆ.

ಕೆಲವು ವರ್ಷಕ್ಕೆ ಪೀಠ ಜೋಲುತ್ತದೆ. ಪಟ್ಟಿ ತುಂಡಾಗಿಲ್ಲದಿದ್ದರೆ ರಾತ್ರಿ ಬೋರಲು ಹಾಕಿ, ಒರಟು ಮೈಗೆ ಒದ್ದೆ ಬಟ್ಟೆ ಹಾಸಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಬೆಳಗಾಗುವಷ್ಟರಲ್ಲಿ ಸಾಕಷ್ಟು ಬಿಗಿಯುತ್ತದೆ. ಅದರ ಮೇಲೆ ಹತ್ತಿ ನಿಂತು ಬಲ್ಬು ಬದಲಿಸುವವರಿಗೆ ಮಾತ್ರ ಒದ್ದೆ ಬಟ್ಟೆಯಿಂದ ಯಾವ ಉಪಕಾರವೂ ಆಗದು.