ಕೂಸಿಗಿಂತ ಮೊದಲು ಕುಲಾವಿ, ಕನ್ಸೋಲಿಗಿಂತ ಮೊದಲು ಕಂಟ್ರೋಲರ್

ಸೋನಿಯ ವಿಡಿಯೋ ಗೇಮ್ ಯಂತ್ರ, ಅಂದರೆ ಕನ್ಸೋಲ್, ಮುಂದಿನ ಪ್ಲೇಸ್ಟೇಷನ್ ಇನ್ನೂ ಬಂದಿಲ್ಲ. ಕೈಯಲ್ಲಿ ಹಿಡಿದು ಆಡುವ ಅದರ ಕಂಟ್ರೋಲರ್ ಮಾತ್ರ ಮುಂಬಯಿಯ ಫಾಸ್ಟ್ ಲೋಕಲ್‌ನಲ್ಲಿ ದಿನಾ ಬಿಡುಗಡೆಯಾಗುತ್ತಿದೆ. ಡೊಂಬಿವಲಿಯಲ್ಲಿ ಹತ್ತಿದವನು ಗುಂಡಿಗಳೇ ಇರುವುದಿಲ್ಲ ಎನ್ನುತ್ತಾನೆ. ಠಾಣೆ ಬರುವಷ್ಟರಲ್ಲಿ ಅದಕ್ಕೊಂದು ಪರದೆ ಅಂಟಿಸಿ ಆಗಿರುತ್ತದೆ. ಘಾಟ್ಕೋಪರ್‌ನಲ್ಲಿ ಇಯರ್‌ಬಡ್ ಇಡುವ ಗೂಡು ಸೇರುತ್ತದೆ. ದಾದರ್‌ನಲ್ಲಿ ಇಳಿಯುವ ನೂಕಾಟದ ನಡುವೆ ಯಾರೋ ಒಬ್ಬ ಬೆಲೆಯನ್ನೂ ಹೇಳಿಬಿಡುತ್ತಾನೆ. ಅಲ್ಲಿಗೆ ಎಲ್ಲರೂ ತಣ್ಣಗಾಗುತ್ತಾರೆ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಹಿರಿಯರ ಮಾತು ಈ ವ್ಯಾಪಾರದಲ್ಲಿ ನಡೆಯುವುದಿಲ್ಲ. ಇಲ್ಲಿ ಕುಲಾವಿಯೇ ಮೊದಲು ಬರುವುದು. 2013ರ ಫೆಬ್ರವರಿ 20ರಂದು ಸೋನಿ ಪ್ಲೇಸ್ಟೇಷನ್ 4 (ಪಿಎಸ್4) ಘೋಷಿಸಿದಾಗ ವೇದಿಕೆಯ ಮೇಲೆ ಕಂಟ್ರೋಲರ್ ಇತ್ತು, ಕನ್ಸೋಲ್ ಇರಲಿಲ್ಲ. 2020ರಲ್ಲೂ ಹಾಗೆಯೇ: ಪಿಎಸ್5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಕಂಡದ್ದು ಏಪ್ರಿಲ್ 7ಕ್ಕೆ, ಪಿಎಸ್5 ಕಂಡದ್ದು ಜೂನ್ 11ಕ್ಕೆ. ಹಾಗಾಗಿ ಕಂಟ್ರೋಲರ್ ಬಗ್ಗೆ ಊಹಿಸುವವರನ್ನು ಪೂರ್ತಿ ಸೋಮಾರಿಗಳು ಎಂದು ತಳ್ಳಿಹಾಕುವಂತಿಲ್ಲ. ಅರ್ಧ ಸೋಮಾರಿಗಳು ಎನ್ನಬಹುದು.

ಕಣ್ಣಾರೆ ಕಂಡದ್ದೂ ಬರುತ್ತದೆ ಎಂಬ ಖಾತ್ರಿ ಇಲ್ಲ. 2005ರ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಪಿಎಸ್3ರ ಜೊತೆ ಬೆಳ್ಳಿಬಣ್ಣದ ಬೂಮರ‍್ಯಾಂಗ್ ಆಕಾರದ ಕಂಟ್ರೋಲರ್ ಇಟ್ಟಿದ್ದರು. ಮರುವರ್ಷ ಅದು ಮಾಯವಾಗಿ ಹಳೆಯ ಆಕಾರವೇ ಸಿಕ್ಸಾಕ್ಸಿಸ್ ಎಂಬ ಹೆಸರಿನಲ್ಲಿ ಬಂತು, ಅದೂ ಕಂಪನ ಕಳೆದುಕೊಂಡು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೋರ್ಟಿನ ದಾಖಲೆಗಳ ಜೊತೆ ಮೈಕ್ರೋಸಾಫ್ಟಿನ ಒಳಗಿನ ಕಾಗದಗಳು ಹೊರಬಿದ್ದವು. ಅದರಲ್ಲಿ ‘ಸೆಬಿಲ್’ ಎಂಬ ಗುಪ್ತನಾಮದ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇತ್ತು. ಸೂಕ್ಷ್ಮ ಕಂಪನ, ಬದಲಾಯಿಸಬಹುದಾದ ಚಾರ್ಜಿಂಗ್ ಬ್ಯಾಟರಿ, ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ ಹೆಚ್ಚು ಬಾಳುವಂಥದ್ದು, ಎತ್ತಿದರೆ ತಾನೇ ಏಳುವ ಗುಣ, ಬೆಲೆ 69.99 ಡಾಲರ್, ವರ್ಷ 2024 ಎಂದೆಲ್ಲ ಬರೆದಿತ್ತು. 2024 ಬಂತು, ಹೋಯಿತು. ಕಂಪನಿಯ ಸ್ವಂತ ಕಾಗದದ ಗತಿಯೇ ಹೀಗಾದರೆ ಲೋಕಲ್‌ನ ನಾಲ್ಕನೇ ಸೀಟಿನವನನ್ನು ಬೈದು ಏನು ಪ್ರಯೋಜನ?

ಪೇಟೆಂಟ್ ಅರ್ಜಿಗಳ ಕಥೆ ಇನ್ನೂ ಮಜ. ಮನೆಯಲ್ಲಿ ಬಿದ್ದಿರುವ ಯಾವುದೋ ವಸ್ತುವನ್ನು ಕ್ಯಾಮೆರಾ ಗುರುತಿಸಿ, ಅದನ್ನೇ ಕಂಟ್ರೋಲರ್ ಮಾಡಿಕೊಳ್ಳುವ ಉಪಾಯಕ್ಕೆ ಸೋನಿ ಸಲ್ಲಿಸಿದ ಅರ್ಜಿ 2021ರಲ್ಲಿ ಸುದ್ದಿಯಾಯಿತು. ಅದರ ಉದಾಹರಣೆಗಳಲ್ಲಿ ಬಾಳೆಹಣ್ಣೂ ಇತ್ತು. ಮಾಟುಂಗಾ ಮಾರ್ಕೆಟ್ಟಿನ ಏಲಕ್ಕಿ ಬಾಳೆ ಬೆರಳುದ್ದ ಇರುವುದರಿಂದ ಅದರಲ್ಲಿ ಟ್ರಿಗರ್ ಗುಂಡಿಗಳಾದ ಎಲ್2, ಆರ್2 ಎಲ್ಲಿ ಕೂರಿಸುತ್ತಾರೋ! ನೇಂದ್ರವಾದರೆ ಎರಡು ಕೈಗೂ ಹಿಡಿತ ಸಿಕ್ಕೀತು. ಆಟಕ್ಕೆ ತಕ್ಕಂತೆ ಬಿಸಿ ಮತ್ತು ತಂಪಾಗುವ ಹಿಡಿಯ ಬಗ್ಗೆಯೂ ಅರ್ಜಿಯಿದೆ. ಮೇ ತಿಂಗಳಲ್ಲಿ ನೆರುಳದ ಮೂರನೇ ಮಹಡಿಯ ಒನ್ ಬಿಎಚ್‌ಕೆಯಲ್ಲಿ ಕೂತವನಿಗೆ ಬಿಸಿಯಾಗುವ ಕಂಟ್ರೋಲರ್ ಬೇಕಿಲ್ಲ, ಅವನ ಕೈಯಲ್ಲಿರುವುದೇ ಬಿಸಿಯಾಗಿದೆ. ಪೇಟೆಂಟ್ ಎಂದರೆ ಜಾಗಕ್ಕೆ ಬೇಲಿ ಹಾಕಿದ್ದು ಅಷ್ಟೇ. ಮನೆ ಕಟ್ಟುತ್ತಾರೆ ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ.

ಊಹೆಗಳ ಗದ್ದಲದಲ್ಲಿ ನಿಜವಾಗಿ ತೂಕವಿರುವ ಪ್ರಶ್ನೆ ಒಂದೇ: ಸ್ಟಿಕ್ ಒಳಗೆ ಏನಿರುತ್ತದೆ? ಮಿಕ್ಕದ್ದೆಲ್ಲ ಒಗ್ಗರಣೆ.

ಈಗಿನ ಡ್ಯುಯಲ್‌ಸೆನ್ಸ್, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಲ್ಲಿ ಪ್ರತಿ ಸ್ಟಿಕ್ಕಿಗೂ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಒಳಗೆ ಕಾರ್ಬನ್ ಲೇಪದ ಪುಟ್ಟ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಲೋಹದ ನಾಲಿಗೆ. ಈ ಬಗೆಯ ಸ್ಟಿಕ್ಕಿನ ಆಯುಷ್ಯ ಸುಮಾರು 20 ಲಕ್ಷ ಸುತ್ತು ಎಂದು ತಯಾರಕರ ಲೆಕ್ಕ. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಗುಂಡು ಹಾರಿಸುವ ಆಟದಲ್ಲಿ ಹೆಬ್ಬೆರಳು ಒಂದು ನಿಮಿಷ ಸುಮ್ಮನಿರುವುದಿಲ್ಲ. ಹಾಗೆ ಆಡುವವನ ಕೈಯಲ್ಲಿ ಕೆಲವು ನೂರು ಗಂಟೆಗಳಲ್ಲೇ ಅದು ಸವೆಯತೊಡಗುತ್ತದೆ. ಅತಿ ಹೆಚ್ಚು ಸವೆಯುವುದು ನಟ್ಟನಡುವಿನ ಜಾಗ, ಏಕೆಂದರೆ ಬಿಟ್ಟಾಗಲೆಲ್ಲ ಸ್ಟಿಕ್ ಬಂದು ನಿಲ್ಲುವುದು ಅಲ್ಲೇ. ಆಮೇಲೆ ನೀವು ಕಂಟ್ರೋಲರನ್ನು ಸೋಫಾ ಮೇಲಿಟ್ಟು ಚಹಾ ತರಲು ಎದ್ದರೆ ಆಟದ ನಾಯಕ ತಾನಾಗಿ ನಡೆದು ಹೋಗಿ ಬಾವಿಗೆ ಬೀಳುತ್ತಾನೆ. ಇದೇ ಡ್ರಿಫ್ಟ್. ಮನೆಯ ಹಿರಿಯರು ಇದನ್ನು ನೋಡಿ, “ನಿನ್ನ ಹಾಗೆಯೇ ಅದು, ಹೇಳಿದ ಮಾತು ಕೇಳುವುದಿಲ್ಲ ಮಾರಾಯ” ಎನ್ನುತ್ತಾರೆ. ರೋಗಲಕ್ಷಣ ಹೇಳಿದ್ದು ಸರಿಯಾಗಿಯೇ ಇದೆ.

ಮುಂಬಯಿಯಲ್ಲಿ ಇದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಶೇಷ ಸೀಸನ್. ಗಾಳಿಯಲ್ಲಿ ತೇವ 80 ಶೇಕಡಾ ದಾಟಿದಾಗ ಒಳಗಿನ ಧೂಳು, ಕಾರ್ಬನ್ ಪುಡಿ, ಚಕ್ಕುಲಿಯ ಎಣ್ಣೆ ಎಲ್ಲ ಸೇರಿ ಹದವಾದ ಹಿಟ್ಟಾಗುತ್ತದೆ. ಕೊಡುಬಳೆ ಇನ್ನೂ ಅಪಾಯ. ಅದರ ಪುಡಿ ಸ್ಟಿಕ್ಕಿನ ಕಾಲರ್ ಸುತ್ತ ಸರಿಯಾಗಿ ಹೋಗಿ ಕೂರುತ್ತದೆ. ಡ್ಯುಯಲ್‌ಸೆನ್ಸ್‌ನ ಹಿಂಬದಿಯ ಒರಟು ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ತ್ರಿಕೋನ, ವೃತ್ತ, ಚೌಕಗಳೇ ತುಂಬಿರುವುದು ಕಾಣುತ್ತದೆ. ವಿನ್ಯಾಸಕಾರರು ಹಿಡಿತಕ್ಕೆಂದು ಮಾಡಿದ್ದು. ಚೂಡಾದ ಅರಿಶಿನಕ್ಕೂ ಅಲ್ಲಿ ಒಳ್ಳೆಯ ಹಿಡಿತ ಸಿಗುತ್ತದೆ. ಒಣಗಿದ ಹಳೆಯ ಟೂತ್‌ಬ್ರಷ್ ಒಂದೇ ಅದಕ್ಕೆ ಮದ್ದು.

ಡ್ರಿಫ್ಟ್ ಹೌದೋ ಅಲ್ಲವೋ ಎಂದು ನೋಡಲು ಕಂಟ್ರೋಲರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಬ್ರೌಸರಿನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಎಂಬ ತಪಾಸಣೆಯ ಪುಟ ತೆರೆಯಿರಿ. ಸ್ಟಿಕ್ ಮುಟ್ಟದೆ ಬಿಟ್ಟಾಗ ಅದರ ಅಂಕಿ 0.05ರೊಳಗೆ ಇದ್ದರೆ ಚಿಂತೆಯಿಲ್ಲ, ಅಷ್ಟನ್ನು ಆಟದ ಡೆಡ್‌ಝೋನ್, ಅಂದರೆ ಆಟ ಲೆಕ್ಕಕ್ಕಿಡದ ನಡುವಿನ ಜಾಗ, ನುಂಗುತ್ತದೆ. 0.15ರ ಹತ್ತಿರ ಹೋಗಿ ಅಲುಗಾಡುತ್ತಿದ್ದರೆ ಕೆಲಸವಿದೆ. ಮೊದಲು ರೀಸೆಟ್: ಕನ್ಸೋಲ್ ಆಫ್ ಮಾಡಿ, ಡ್ಯುಯಲ್‌ಸೆನ್ಸ್‌ನ ಹಿಂದೆ ಸೋನಿ ಲಾಂಛನದ ಬಳಿಯ ತೂತಿಗೆ ಸೇಫ್ಟಿಪಿನ್ ತುದಿ ಹಾಕಿ ಐದು ಸೆಕೆಂಡ್ ಒತ್ತಿ, ಆಮೇಲೆ ಕೇಬಲ್ ಹಾಕಿ ಮತ್ತೆ ಜೋಡಿಸಿ. ಅದಕ್ಕೂ ಬಗ್ಗದಿದ್ದರೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡೇ ಹನಿ ಸ್ಟಿಕ್ಕಿನ ಬುಡಕ್ಕೆ ಬಿಟ್ಟು, ಇಪ್ಪತ್ತು ಮೂವತ್ತು ಸಲ ಪೂರ್ತಿ ಸುತ್ತು ತಿರುಗಿಸಿ. ಅರ್ಧ ಗಂಟೆ ಒಣಗಲಿ, ಮಳೆಗಾಲವಾದರೆ ಒಂದು ಗಂಟೆ. ಕೊರೊನಾ ಕಾಲದಲ್ಲಿ ತಂದು ಉಳಿದ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇದೆ, ಅಂಟೂ ಇದೆ. ಹೊಲಿಗೆ ಮಿಷನ್ನಿನ ಎಣ್ಣೆಯಂತೂ ಬೇಡವೇ ಬೇಡ. ಮನೆಯ ಹಿರಿಯರ ಕೈಗೆ ಮೊದಲು ಸಿಗುವುದು ಅದೇ ಆದ್ದರಿಂದ ಹೇಳಿದ್ದು.

ಇಷ್ಟೆಲ್ಲ ಮಾಡಿದರೂ ಹೋಗುವುದು ಕೊಳೆ ಮಾತ್ರ. ಸವೆದ ಕಾರ್ಬನ್ ಮರಳಿ ಹುಟ್ಟುವುದಿಲ್ಲ. ಆಗ ಉಳಿಯುವ ದಾರಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್, ಪುಣೆಯವರಿಗೆ ತಪಕೀರ್ ಗಲ್ಲಿ. ಒಂದು ಸ್ಟಿಕ್ ಬದಲಾಯಿಸಲು ಬೋರ್ಡಿನಿಂದ 14 ಬೆಸುಗೆ ಬಿಡಿಸಬೇಕು. ಅವಸರಕ್ಕೆ ಬಿದ್ದು ಒಂದು ಕಾಲು ಸರಿಯಾಗಿ ಕರಗುವ ಮೊದಲೇ ಎಳೆದರೆ ತಾಮ್ರದ ಗೆರೆಯೇ ಕಿತ್ತು ಬರುತ್ತದೆ. ಆ ಮೇಲೆ ಅಂಗಡಿಯವನು “ಬೋರ್ಡ್ ಗಯಾ ಸೇಠ್” ಎನ್ನುತ್ತಾನೆ. ಗ್ರಾಹಕನನ್ನು ಅವನು ಸೇಠ್ ಎಂದು ಕರೆಯುವುದು ಅದೊಂದೇ ಸಂದರ್ಭದಲ್ಲಿ.

ಉಜ್ಜಾಟವೇ ಇಲ್ಲದ ಸ್ಟಿಕ್ ಹೊಸ ಕನಸೇನಲ್ಲ. ಆಯಸ್ಕಾಂತ ಮತ್ತು ಅದರ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಇಟ್ಟ ಸ್ಟಿಕ್ಕನ್ನು ಸೆಗಾ ಕಂಪನಿ 1996ರಲ್ಲೇ ತನ್ನ ಸ್ಯಾಟರ್ನ್ ಕನ್ಸೋಲಿನ 3ಡಿ ಪ್ಯಾಡಿನಲ್ಲಿ ಕೊಟ್ಟಿತ್ತು, ಆಮೇಲೆ ಡ್ರೀಮ್‌ಕಾಸ್ಟ್‌ನಲ್ಲೂ ಕೊಟ್ಟಿತು. ವಿಜ್ಞಾನಿ ಎಡ್ವಿನ್ ಹಾಲ್ ಇದಕ್ಕೆ ಆಧಾರವಾದ ಪರಿಣಾಮವನ್ನು ಕಂಡುಹಿಡಿದದ್ದು 1879ರಲ್ಲಿ. ಇಷ್ಟಾದರೂ 2025ರ ಜೂನ್ 5ಕ್ಕೆ ಬಂದ ಸ್ವಿಚ್ 2 ಕನ್ಸೋಲಿನ ಕಂಟ್ರೋಲರ್ ಜಾಯ್-ಕಾನ್‌ನಲ್ಲಿ ಹಾಲ್ ಸ್ಟಿಕ್ ಇಲ್ಲ ಎಂದು ನಿಂಟೆಂಡೊ ಮೊದಲೇ ಹೇಳಿಬಿಟ್ಟಿತು, ಮೊದಲ ಸ್ವಿಚ್‌ನ ಡ್ರಿಫ್ಟ್‌ಗೆ ಅಷ್ಟು ಮೊಕದ್ದಮೆ ಕಂಡ ಮೇಲೂ. ಆ ಜಾಯ್-ಕಾನ್ ಕನ್ಸೋಲಿಗೆ ಆಯಸ್ಕಾಂತದಿಂದ ಅಂಟುತ್ತದೆ, ಮೇಜಿನ ಮೇಲೆ ಕಂಪ್ಯೂಟರಿನ ಇಲಿಯಂತೆ (ಮೌಸ್) ಓಡುತ್ತದೆ ಕೂಡ. ಲೋಕಲ್‌ನ ಪಂಡಿತರಲ್ಲಿ ಇದನ್ನು ಮೊದಲೇ ಹೇಳಿದ್ದವರು ತಮಗೆ ಕಾಯಂ ಕಿಟಕಿ ಸೀಟು ಕೊಡಬೇಕೆಂದು ಈಗಲೂ ವಾದಿಸುತ್ತಾರೆ.

ದೊಡ್ಡ ಕಂಪನಿಗಳು ಹಿಂಜರಿಯಲು ಕಾರಣ ಹುಡುಕಬೇಕಿಲ್ಲ. ಪೊಟೆನ್ಶಿಯೋಮೀಟರ್ ಅಗ್ಗ, ಕರೆಂಟ್ ಕಡಿಮೆ ತಿನ್ನುತ್ತದೆ. ಹಾಲ್ ಸೆನ್ಸರ್ ಬ್ಯಾಟರಿಯನ್ನು ಜಾಸ್ತಿ ಕೇಳುತ್ತದೆ, ಪಕ್ಕದ ಆಯಸ್ಕಾಂತಕ್ಕೆ ಗಲಿಬಿಲಿಗೊಳ್ಳುತ್ತದೆ, ಒಂದೊಂದನ್ನೂ ಅಳತೆಗೆ ಕೂರಿಸಬೇಕು. ಈಗ ಎಲ್ಲರ ಬಾಯಲ್ಲಿರುವುದು ಟಿಎಂಆರ್. ಇದೂ ಆಯಸ್ಕಾಂತದ ಆಟವೇ, ಆದರೆ ವಿದ್ಯುತ್ ಹಾಲ್‌ಗಿಂತ ಬಹಳ ಕಡಿಮೆ ಸಾಕು. 2025ರ ನವೆಂಬರಿನಲ್ಲಿ ವಾಲ್ವ್ ಕಂಪನಿ ಘೋಷಿಸಿದ ಸ್ಟೀಮ್ ಕಂಟ್ರೋಲರಿನಲ್ಲಿ ಟಿಎಂಆರ್ ಸ್ಟಿಕ್ ಇದೆ. ಮುಂದಿನ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಬಗ್ಗೆ ಒಂದೇ ಒಂದು ಪಣ ಕಟ್ಟಬೇಕಾದರೆ ಇದರ ಮೇಲೆ ಕಟ್ಟಬಹುದು. ಪರದೆ, ಇಯರ್‌ಬಡ್ ಗೂಡುಗಳ ಮೇಲೆ ಒಂದು ವಡಾ ಪಾವ್‌ನಷ್ಟೂ ಬೇಡ. ಲ್ಯಾಮಿಂಗ್ಟನ್ ರೋಡಿನಲ್ಲಿ ‘ಹಾಲ್ ಎಫೆಕ್ಟ್’ ಎಂದು ಕೊಟ್ಟದ್ದು ಅಸಲಿಯೇ ಎಂದು ನೋಡಲು ಫ್ರಿಜ್ಜಿನ ಬಾಗಿಲಿನ ಗಣಪತಿ ಮ್ಯಾಗ್ನೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಟೆಸ್ಟರ್ ತೆರೆದು ಸ್ಟಿಕ್ಕಿನ ಹತ್ತಿರ ಹಿಡಿಯಿರಿ. ಅಂಕಿ ಸರಿದರೆ ಒಳಗೆ ಆಯಸ್ಕಾಂತದ ಸೆನ್ಸರ್ ಇದೆ. ಗಣಪತಿ ಏನೇ ಮಾಡಿದರೂ ಅಂಕಿ ಮಿಸುಕದಿದ್ದರೆ ಅದು ಹಳೆಯ ಕಾರ್ಬನ್ ಪಟ್ಟಿಯೇ ಇರಬಹುದು.

ಎತ್ತಿದರೆ ಏಳುವ ಗುಣ ಬಾರದಿರಲಿ ಎಂಬುದು ಮಧ್ಯಮ ವರ್ಗದ ಪ್ರಾರ್ಥನೆ. ಈಗಲೇ ಮನೆಗೆಲಸದಾಕೆ ಶೋಕೇಸ್ ಒರೆಸುವಾಗ ಪಿಎಸ್ ಗುಂಡಿ ಒತ್ತಿಹೋದರೆ ಕನ್ಸೋಲ್ ಎದ್ದು, ಎಚ್‌ಡಿಎಂಐ ಮೂಲಕ ಟಿವಿಯನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಅಲ್ಲಿ ಅಜ್ಜಿಯ ಸೀರಿಯಲ್‌ನಲ್ಲಿ ಸೊಸೆ ಬಾಗಿಲು ತೆರೆಯುವ ಹೊತ್ತು. ಬಾಗಿಲ ಆಚೆ ಯಾರಿದ್ದರು ಎಂಬುದು ಮರುದಿನದವರೆಗೆ ರಹಸ್ಯ. ಸೆಟ್ಟಿಂಗ್ಸ್, ಸಿಸ್ಟಮ್, ಎಚ್‌ಡಿಎಂಐಗೆ ಹೋಗಿ ಒನ್-ಟಚ್ ಪ್ಲೇ ಆಫ್ ಮಾಡಿದರೆ ಮನೆಯಲ್ಲಿ ಶಾಂತಿ.

ಕಂಟ್ರೋಲರಿನ ಮೈಕ್ ಇನ್ನೊಂದು ಗಂಡಾಂತರ. ಎಲ್ಲೋ ಪೋಲೆಂಡಿನಲ್ಲಿ ಕೂತು ಜೊತೆಗೆ ಆಡುವವನಿಗೆ ನಮ್ಮ ಕುಕ್ಕರಿನ ಮೂರು ಸೀಟಿ, ಕೆಳಗೆ ಹಳೆ ಸಾಮಾನು ಕೊಳ್ಳುವ ಭಂಗಾರ್‌ವಾಲಾನ ಕೂಗು, “ಊಟಕ್ಕೆ ಬರ್ತೀಯೋ ಇಲ್ವೋ” ಎಂಬ ಅಂತಿಮ ಎಚ್ಚರಿಕೆ ಎಲ್ಲವೂ ಸ್ಪಷ್ಟವಾಗಿ ತಲುಪುತ್ತದೆ. ಪಿಎಸ್ ಗುಂಡಿಯ ಕೆಳಗಿನ ಮ್ಯೂಟ್ ಒತ್ತಿ ಕಿತ್ತಳೆ ದೀಪ ಹೊತ್ತಿದರೆ ಮಾನ ಉಳಿಯಿತು. ಸೌಂಡ್ ಸೆಟ್ಟಿಂಗಿನ ಮೈಕ್ರೊಫೋನ್‌ನಲ್ಲಿ ಲಾಗಿನ್ ಆದ ಕೂಡಲೇ ಮ್ಯೂಟ್ ಇರಲಿ ಎಂದೂ ಹೇಳಿಡಬಹುದು.

ಬ್ಯಾಟರಿಯ ಮಾತು. ಪಿಎಸ್4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4ರಲ್ಲಿ 1000 ಎಂಎಎಚ್ ಇದ್ದದ್ದು ಡ್ಯುಯಲ್‌ಸೆನ್ಸ್‌ನಲ್ಲಿ 1560 ಆಯಿತು. ಕಂಪನ, ಬಿಗಿಯಾಗುವ ಟ್ರಿಗರ್‌ಗಳು ಸೇರಿ ಹೆಚ್ಚಿದ್ದನ್ನು ತಿಂದು ಮುಗಿಸಿದವು. ಆಕ್ಸೆಸರೀಸ್ ಸೆಟ್ಟಿಂಗಿನಲ್ಲಿ ಎರಡನ್ನೂ ‘ವೀಕ್’ ಮಾಡಿದರೆ ಚಾರ್ಜ್ ಹೆಚ್ಚು ಹೊತ್ತು ನಿಲ್ಲುತ್ತದೆ, ಟ್ರಿಗರ್ ಒಳಗಿನ ಪುಟ್ಟ ಮೋಟಾರಿಗೂ ಸ್ವಲ್ಪ ಬಿಡುವು ಸಿಗುತ್ತದೆ. ಎಕ್ಸ್‌ಬಾಕ್ಸ್ ಇರುವ ಮನೆಯಲ್ಲಿ ತೊಂದರೆ ಬೇರೆ: ಅದಕ್ಕೆ ಬೇಕಾದ ಎರಡು ಎಎ ಸೆಲ್, ಗೋಡೆ ಗಡಿಯಾರಕ್ಕೆ ಬೇಕಾದದ್ದೂ ಎಎ. ಹಾಗಾಗಿ ನಡುಮನೆಯ ಗಡಿಯಾರ ಏಳೂಹತ್ತಕ್ಕೆ, ಅಡಿಗೆಮನೆಯದು ಏಳೂಕಾಲಿಗೆ ನಿಂತಿರುತ್ತವೆ, ಅಪ್ಪ 7.42ರ ಲೋಕಲ್ ತಪ್ಪಿಸಿಕೊಳ್ಳುತ್ತಾರೆ. ವ್ಯವಹಾರ ತಿರುಗಿಸಿದರೆ ಎಲ್ಲರಿಗೂ ಲಾಭ. ಕಂಟ್ರೋಲರ್ ಸಾಕೆಂದ ಸೆಲ್ ಗಡಿಯಾರಕ್ಕೆ ಇನ್ನೂ ತಿಂಗಳುಗಟ್ಟಲೆ ಸಾಕಾಗುತ್ತದೆ, ಏಕೆಂದರೆ ಗಡಿಯಾರ ಎಳೆಯುವ ಕರೆಂಟ್ ಏನೇನೂ ಅಲ್ಲ.

ಹಿಡಿಗೆ ರಬ್ಬರ್ ಹೊದಿಕೆ ಬರುತ್ತದೆ ಎಂಬ ಗಾಳಿಸುದ್ದಿಗೆ ಕರಾವಳಿಯ ಊರುಗಳಿಂದ ಈಗಲೇ ಆಕ್ಷೇಪಣೆ ಹೋಗಬೇಕು. ಮೆತ್ತನೆಯ ರಬ್ಬರ್ ಲೇಪ ತೇವದಲ್ಲಿ ಕಳಚಿ, ಕೆಲವೇ ಮಳೆಗಾಲಗಳಲ್ಲಿ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ. ಮುಂಬಯಿಯಲ್ಲಿ, ಪಣಜಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕೇ ಸೈ. ಆಡದ ಹೊತ್ತಿನಲ್ಲಿ ಕಂಟ್ರೋಲರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಬ್ಬಿಯ ಮೇಲೆ ಚೀಟಿ ಅಂಟಿಸುವುದು ಮರೆಯಬೇಡಿ. ಇಲ್ಲವಾದರೆ ಗಣೇಶ ಚತುರ್ಥಿಯ ವಾರ ಅದರೊಳಗೆ ಕರ್ಜಿಕಾಯಿ ಇರುತ್ತದೆ, ಕಂಟ್ರೋಲರ್ ಫ್ರಿಜ್ಜಿನ ಮೇಲಿರುತ್ತದೆ.

ಇಷ್ಟು ಊಹಿಸುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಈಗ ಕೈಯಲ್ಲಿರುವುದು ಹೊಸದರಲ್ಲಿ ನಡೆಯುತ್ತದೆಯೇ? ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರ್ ಸೀರೀಸ್ ಎಕ್ಸ್‌ನಲ್ಲಿ ನಡೆಯಿತು. ಡ್ಯುಯಲ್‌ಶಾಕ್ 4 ಪಿಎಸ್5ರಲ್ಲಿ ಪಿಎಸ್4 ಆಟಗಳಿಗೆ ಮಾತ್ರ ನಡೆಯಿತು, ಪಿಎಸ್5ರ ಆಟ ತೆರೆದರೆ ಬೇರೆ ಕಂಟ್ರೋಲರ್ ತಾ ಎಂದಿತು. ಆದ್ದರಿಂದ ದೀಪಾವಳಿ ಆಫರಿನಲ್ಲಿ ಎರಡನೆಯ, ಮೂರನೆಯ ಡ್ಯುಯಲ್‌ಸೆನ್ಸ್ ಕೊಳ್ಳಲು ಹೊರಟವರು ಸ್ವಲ್ಪ ತಾಳಿ. ಇರುವುದರ ಸ್ಟಿಕ್ ಕೆಟ್ಟಿದ್ದರೆ ಆ 14 ಬೆಸುಗೆ ಬಿಡಿಸಬಲ್ಲ ಕೈಯನ್ನು ಹುಡುಕಿ, ಟಿಎಂಆರ್ ಸ್ಟಿಕ್ ಹಾಕಿಸಿ, ಅಲ್ಲೇ ಕೂತು ಕ್ಯಾಲಿಬ್ರೇಷನ್, ಅಂದರೆ ಅಳತೆ ಕೂರಿಸುವ ಕೆಲಸ, ಮುಗಿಸಿಕೊಂಡೇ ಏಳಿ. “ಘರ್ ಜಾಕೆ ಅಪ್ನೇ ಆಪ್ ಸೆಟ್ ಹೋ ಜಾಯೇಗಾ”, ಮನೆಗೆ ಹೋದ ಮೇಲೆ ತಾನೇ ಸರಿಹೋಗುತ್ತದೆ, ಎಂದರೆ ನಂಬಬೇಡಿ.