ಮೊಳೆ ಹಿಡಿದ ಕಲಾವಿದರು

ಬೆಂಗಳೂರಿಗೆ ಹೋಗಿಬಂದ ಗೆಳೆಯರೊಬ್ಬರು ಚಹಾದಂಗಡಿ ಕಟ್ಟೆಯ ಮೇಲೆ ತಮ್ಮ ಹೊಸ ದುಃಖವನ್ನು ಇಳಿಸಿದರು. "ಅರಮನೆ ರಸ್ತ್ಯಾಗ ಮಾಣಿಕ್ಯವೇಲು ಮ್ಯಾನ್ಷನ್ ಅಂತ ಐತ್ರಿ. ಹಳೇ ಶ್ರೀಮಂತರ ಬಂಗ್ಲೆ. 2009ರಾಗ ಅದನ್ನ ಆಧುನಿಕ ಕಲಾ ಗ್ಯಾಲರಿ ಮಾಡ್ಯಾರ. ನಮ್ಮ ವಿಜಯಪುರದಾಗ ಇಷ್ಟ್ ಮಹಲ್ ಅದಾವ, ಒಂದರಾಗರ ಸಮಕಾಲೀನ ಕಲೆ ಐತೇನ್ರಿ?"

ಐತಲ್ರಿ! ಇಲ್ಲೇ ಊರ ಹತ್ತಿರದ ಕುಮಟಗಿಗೆ ಹೋಗಿ ನೋಡ್ರಿ.

ವಿಜಯಪುರವನ್ನಾಳಿದ ಆದಿಲ್‌ಶಾಹಿಗಳ ಬೇಸಿಗೆ ಬಿಡಾರ ಅದು. ಕೆರೆಯ ನೀರನ್ನು ಗೋಪುರಕ್ಕೇರಿಸಿ, ಕೊಳವೆಗಳಲ್ಲಿ ಹರಿಸಿ, ಮಹಲಿನೊಳಗೆ ತುಂತುರು ಮಳೆ ಸುರಿಸುತ್ತಿದ್ದರು. (ನಮ್ಮೂರ ಮೇ ತಿಂಗಳನ್ನು ಉಂಡವರು ಇದನ್ನು ವಿಲಾಸ ಎನ್ನಲಾರರು.) ಗೋಡೆಯ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿ ಹಿಡಿದ ಪೈಲ್ವಾನರು. ಬರೆದವರ ಹೆಸರು ಮಾತ್ರ ಇತಿಹಾಸಕ್ಕೆ ದಕ್ಕಲಿಲ್ಲ.

ಆ ಕೊರತೆಯನ್ನು ನಮ್ಮ ಸಮಕಾಲೀನರು ಮೊಳೆ ಹಿಡಿದು ತುಂಬಿಕೊಟ್ಟಿದ್ದಾರೆ. ಪೈಲ್ವಾನನ ತೊಡೆಯ ಮೇಲೆ ಒಬ್ಬನ ಹೆಸರು, ಕುದುರೆಯ ಹೊಟ್ಟೆಯ ಮೇಲೆ ಅವನಾಕೆಯದು, ನಡುವೆ ಬಾಣ ನೆಟ್ಟ ಹೃದಯ, ಕೆಳಗೆ ಊರು, ತಾಲ್ಲೂಕು, ತಾರೀಖು. ಪಿನ್ ಕೋಡ್ ಒಂದು ಬಾಕಿ. ಬೆಂಗಳೂರಿನ ಕಲಾವಿದ ತಿಂಗಳುಗಟ್ಟಲೆ ಚಿತ್ರ ಬರೆದು, ಮೂಲೆಯಲ್ಲಿ ಇರುವೆಯಷ್ಟು ಸಹಿ ಹಾಕುತ್ತಾನೆ. ನಮ್ಮವನು ಚಿತ್ರದ ಗೊಡವೆಗೇ ಹೋಗದೆ ನೇರ ಸಹಿಗೇ ಇಳಿಯುತ್ತಾನೆ.

ಸ್ಮಾರಕಗಳ ಮುಂದಿನ ನೀಲಿ ಫಲಕ ಓದಿದ್ದೀರಾ? ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2010ಕ್ಕೆ ಮೊದಲು ಇದು ಮೂರು ತಿಂಗಳು, 5 ಸಾವಿರ ಇತ್ತು. ಕಲೆಗೆ ಬೆಲೆ ಏರುತ್ತಿದೆ ಅನ್ನುವುದು ಸುಳ್ಳಲ್ಲ. ಹೆಸರು, ವಿಳಾಸ, ದಿನಾಂಕವನ್ನೆಲ್ಲ ಸ್ವಹಸ್ತಾಕ್ಷರದಲ್ಲಿ ಕೊರೆದುಕೊಟ್ಟು ಹೋಗುವ ಆರೋಪಿ ಇನ್ಯಾವ ಅಪರಾಧದಲ್ಲಿ ಸಿಗುತ್ತಾನೆ ಹೇಳಿ! ಆದರೂ ಕಲಾವಿದರು ನಿಶ್ಚಿಂತ.

ಧ್ವನಿ ವಿಭಾಗ ಗೋಳಗುಮ್ಮಟದಲ್ಲಿದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುವ ಜಾಗ. ಅಲ್ಲಿ ಪಿಸುಗುಟ್ಟುವವರನ್ನು ನಾನಂತೂ ಕಂಡಿಲ್ಲ. ಒಬ್ಬ "ಏ ಮಂಜ್ಯಾ" ಎಂದು ಅರಚಿದರೆ ಗುಮ್ಮಟ ಮಂಜ್ಯಾನನ್ನು ಮತ್ತೆ ಮತ್ತೆ ಕರೆಯುತ್ತದೆ. ಕೆಳಗೆ ಮಲಗಿದ ಮಹಮ್ಮದ್ ಆದಿಲ್ ಶಾಹನಿಗೆ 1656ರಿಂದ ನಿದ್ದೆ ಹತ್ತಿದಂತಿಲ್ಲ.

ಡಿಸೆಂಬರಿನಲ್ಲಿ ಸಾಲಿ ಟೂರು ಸುರುವಾದರೆ ಹೊಸ ಪ್ರತಿಭೆಗಳು ಬಸ್ಸಿನಿಂದ ಇಳಿಯುತ್ತವೆ. ಕಂಪಾಸ್ ಪೆಟ್ಟಿಗೆಯಲ್ಲಿ ಕೈವಾರ ಇದ್ದೇ ಇರುತ್ತದೆ. ಹೋದ ವರ್ಷ ಒಬ್ಬ ಹುಡುಗ ಗೋಡೆಯ ಮರೆಗೆ ನಿಂತು, ನಾಲಿಗೆ ಕಚ್ಚಿಕೊಂಡು, ಗಾರೆಪುಡಿಯನ್ನು ಊದಿ ಊದಿ ಕೊರೆಯುತ್ತಿದ್ದ. ಎರಡಕ್ಷರ ಮುಗಿದು ಮೂರನೆಯದು ಅರ್ಧವಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಮಾಸ್ತರು ಬಂದೇಬಿಟ್ಟರು. ಈಗ ಬಿತ್ತು ಬೆನ್ನಿಗೆ ಅಂದುಕೊಂಡೆ.

"ಎಷ್ಟೊತ್ತಲೇ ನಿಂದು? ಲಗೂ ಮುಗಸು, ಬಸ್ಸಿನಾಂವ ಹಾರ್ನ್ ಹೊಡ್ಯಾಕತ್ಯಾನ!"